ಹೈಲೆ ಗೆಬ್ರೆಸೆಲಾಸಿ ಮ್ಯಾರಥಾನ್‌ಗೆ ಬಂದಿದ್ದು ಯಾವಾಗ? 19ರ ತಮ್ಮ ಈಗಲೇ ಓಡ್ತೀನಿ ಅಂತಿದ್ದಾನೆ

ಮಾದಾಪುರದ ಅಕ್ಕ

ಎಲ್ಲರಿಗೂ ನಮಸ್ಕಾರ. ಓಟದ ಬಗ್ಗೆ ಗೊತ್ತಿರುವವರು ದಯವಿಟ್ಟು ಉತ್ತರ ಕೊಡಿ, ಸ್ವಲ್ಪ ಅರ್ಜೆಂಟ್ ಇದೆ.

ನನ್ನ ತಮ್ಮನಿಗೆ 19. ಮಡಿಕೇರಿಯಲ್ಲಿ ಡಿಗ್ರಿ ಎರಡನೇ ವರ್ಷ. ಹೈಸ್ಕೂಲಿನಿಂದಲೂ ಓಡುತ್ತಿದ್ದಾನೆ. 10,000 ಮೀಟರನ್ನು 33 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದ್ದಾನೆ, ಯೂನಿವರ್ಸಿಟಿ ಕೂಟದಲ್ಲಿ ನಾಲ್ಕನೆಯವನಾಗಿ ಬಂದ. ಈಗ ಟ್ರ್ಯಾಕ್ ಸಾಕು, ಫುಲ್ ಮ್ಯಾರಥಾನ್, ಅಂದರೆ 42 ಕಿಲೋಮೀಟರ್ ಚಿಲ್ಲರೆ, ಓಡ್ತೀನಿ ಅಂತ ಹಟ ಹಿಡಿದು ಕೂತಿದ್ದಾನೆ. ಕಾರಣ ದುಡ್ಡು. 2018ರ ಆಗಸ್ಟ್ ಮಳೆಗೆ ನಮ್ಮ ತೋಟದ ಒಂದು ಪಕ್ಕ ಹಾಗೇ ಜಾರಿ ಹೊಳೆಗೆ ಹೋಯ್ತು. ನಾಲ್ಕು ಎಕರೆಯಲ್ಲಿ ಎರಡೂವರೆ ಉಳಿಯಿತು. ಅಪ್ಪ ಹೊಸ ಗಿಡ ನೆಟ್ಟರು, ಸಾಲ ಇನ್ನೂ ತೀರಿಲ್ಲ. ಇವನು ಅದನ್ನೆಲ್ಲ ನೋಡಿಕೊಂಡೇ ಬೆಳೆದವನು. ಬಾಯಿ ಬಿಟ್ಟು ಏನೂ ಹೇಳಲ್ಲ, ಆದರೆ ಮೊನ್ನೆ ಅವನ ನೋಟ್‌ಬುಕ್ಕಿನ ಕೊನೆ ಪುಟ ಕಣ್ಣಿಗೆ ಬಿತ್ತು. ಸಾಲಾಗಿ ಮ್ಯಾರಥಾನ್‌ಗಳ ಹೆಸರು, ಪಕ್ಕದಲ್ಲಿ ಬಹುಮಾನದ ಮೊತ್ತ, ಕೆಳಗೆ ಗೆರೆ ಎಳೆದು ಕೂಡಿಸಿದ್ದಾನೆ. ನೋಡಿ ಕಣ್ಣಲ್ಲಿ ನೀರು ಬಂತು.

ಅವನ ಕೋಣೆಯ ಗೋಡೆ ಮೇಲೆ ಇಥಿಯೋಪಿಯಾದ ಓಟಗಾರ ಹೈಲೆ ಗೆಬ್ರೆಸೆಲಾಸಿ ಫೋಟೋ ಇದೆ. "ಅಕ್ಕ, ಅವನದೂ ಕಾಫಿ ಬೆಳೆಯೋ ದೇಶ, ಬೆಟ್ಟದಲ್ಲಿ ಓಡಿ ಬೆಳೆದವನು, ನಮ್ಮದೂ ಬೆಟ್ಟವೇ ತಾನೆ, ಅವನು ಮ್ಯಾರಥಾನಲ್ಲಿ ವಿಶ್ವದಾಖಲೆ ಮಾಡಿಲ್ವಾ" ಅಂತಾನೆ. ನನಗೆ ಉತ್ತರ ಕೊಡೋಕೆ ಬರಲ್ಲ. ಹೈಲೆ ಯಾವ ವಯಸ್ಸಿಗೆ ಮ್ಯಾರಥಾನ್‌ಗೆ ಬಂದ? ಅದಕ್ಕೆ ಮೊದಲು ಏನು ಓಡುತ್ತಿದ್ದ? ನಮ್ಮ ಊರಿನ ಎತ್ತರದಿಂದ ನಿಜವಾಗಿ ಏನಾದರೂ ಉಪಯೋಗ ಇದೆಯಾ? ಬೈದರೆ ಕೇಳುವ ಹುಡುಗ ಅಲ್ಲ. ವಿಷಯ ಮುಂದಿಟ್ಟರೆ ಕೇಳ್ತಾನೆ.

ರಿಟೈರ್ಡ್ ಪಿಟಿ ಮೇಷ್ಟ್ರು, ವಿರಾಜಪೇಟೆ

ನೋಡಮ್ಮ, ನಿನ್ನ ತಮ್ಮ ಸರಿಯಾದ ಮನುಷ್ಯನ ಫೋಟೋವನ್ನೇ ಹಾಕಿಕೊಂಡಿದ್ದಾನೆ. ಆದರೆ ಕಥೆಯ ಕೊನೇ ಭಾಗ ಮಾತ್ರ ನೋಡಿದ್ದಾನೆ. ಮೊದಲಿಂದ ಹೇಳ್ತೀನಿ, ಉದ್ದ ಆದರೂ ಓದು.

ಹೈಲೆ ಹುಟ್ಟಿದ್ದು 1973ರಲ್ಲಿ, ಇಥಿಯೋಪಿಯಾದ ಅಸೆಲ್ಲ ಹತ್ತಿರ. ರೈತರ ಮನೆ, ಹತ್ತು ಮಕ್ಕಳು. ಸ್ಕೂಲಿಗೆ ದಿನಾ 10 ಕಿಲೋಮೀಟರ್ ಓಡಿಕೊಂಡು ಹೋಗಬೇಕು, ಸಂಜೆ ಅಷ್ಟೇ ದೂರ ವಾಪಸ್. ಪುಸ್ತಕಗಳನ್ನು ಎಡಗೈಯಲ್ಲಿ ಅವುಚಿಕೊಂಡು ಓಡುತ್ತಿದ್ದ. ಅವನ ಯಾವ ವಿಡಿಯೋ ಬೇಕಾದರೂ ಹಾಕಿ ನೋಡಿ, ಒಲಿಂಪಿಕ್ಸ್ ಫೈನಲ್‌ನಲ್ಲೂ ಎಡಗೈ ಸ್ವಲ್ಪ ಮಡಚಿಕೊಂಡೇ ಇರುತ್ತೆ, ಇನ್ನೂ ಪುಸ್ತಕ ಅಲ್ಲೇ ಇದೆ ಅನ್ನೋ ಹಾಗೆ. ನಾನು ಕ್ಲಾಸಿನಲ್ಲಿ ಮಕ್ಕಳಿಗೆ ಅದನ್ನು ಎಷ್ಟು ಸಲ ತೋರಿಸಿದ್ದೇನೋ ಲೆಕ್ಕ ಇಲ್ಲ.

ಒಂದು ವಿಷಯ ನಾನೇ ಮೊದಲು ಹೇಳಿಬಿಡ್ತೀನಿ, ನಾಳೆ ನಿನ್ನ ತಮ್ಮ ಎಲ್ಲಾದರೂ ಓದಿಕೊಂಡು ಬಂದು ನಿನಗೆ ಹೇಳೋದು ಬೇಡ. ಹೈಲೆ 15ರ ವಯಸ್ಸಿನಲ್ಲೇ ಅಡಿಸ್ ಅಬಾಬಾದಲ್ಲಿ ಒಂದು ಮ್ಯಾರಥಾನ್ ಓಡಿದ್ದ, 2 ಗಂಟೆ 48 ನಿಮಿಷದಲ್ಲಿ. ಆದರೆ ಆಮೇಲೆ ಅದನ್ನೇ ಹಿಡಿದುಕೊಂಡು ಕೂರಲಿಲ್ಲ. ಟ್ರ್ಯಾಕಿಗೆ ಹೋದ. 1992ರಲ್ಲಿ ಕೊರಿಯಾದ ಸೋಲ್ ನಗರದ ಜೂನಿಯರ್ ವಿಶ್ವ ಕೂಟದಲ್ಲಿ 5,000 ಮತ್ತು 10,000 ಎರಡೂ ಗೆದ್ದ. ಆಗ ಅವನಿಗೂ 19, ನಿನ್ನ ತಮ್ಮನ ವಯಸ್ಸೇ. ಅಲ್ಲಿಂದ ಮುಂದಿನ ವರ್ಷಗಳೆಲ್ಲ ಟ್ರ್ಯಾಕೇ. 1993, 95, 97, 99, ನಾಲ್ಕು ಸಲ 10,000 ಮೀಟರ್ ವಿಶ್ವ ಚಾಂಪಿಯನ್. 1996ರ ಅಟ್ಲಾಂಟಾದಲ್ಲಿ ಒಲಿಂಪಿಕ್ ಚಿನ್ನ.

ಆಮೇಲೆ ಸಿಡ್ನಿ ಒಲಿಂಪಿಕ್ಸ್, 10,000 ಮೀಟರ್ ಫೈನಲ್. 2000ದ ಸೆಪ್ಟೆಂಬರ್ 25. ನಮಗೆ ಮಧ್ಯಾಹ್ನ. ಹೊರಗೆ ಮಳೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ನಾವು ಮೂರು ಜನ ಮೇಷ್ಟ್ರು ಸ್ಟಾಫ್ ರೂಮಿನ ಸಣ್ಣ ಟೀವಿ ಮುಂದೆ ನಿಂತೇ ನೋಡಿದೆವು. ಕೊನೇ ಸುತ್ತಿನಲ್ಲಿ ಕೀನ್ಯಾದ ಪಾಲ್ ಟರ್ಗಟ್ ಒಮ್ಮೆಲೇ ಮುನ್ನುಗ್ಗಿದ. ಹೈಲೆಗಿಂತ ಉದ್ದನೆ ಕಾಲಿನ ಆಳು. ಹೈಲೆ ಹಿಂದೆ ಬಿದ್ದ. ಹಿಮ್ಮಡಿ ಮೇಲಿನ ನರದ ನೋವು ಆ ವರ್ಷ ಪೂರ್ತಿ ಅವನನ್ನು ಕಾಡಿತ್ತು, ಕೂಟ ಮುಗಿದ ಮೇಲೆ ಆಪರೇಷನ್ನೇ ಆಯ್ತು. ಇನ್ನು ಮುಗೀತು ಅಂತ ನನ್ನ ಜೊತೆಯವರು ಕುರ್ಚಿ ಎಳೆದುಕೊಂಡರು. ನೇರ ದಾರಿಗೆ ಬಂದಾಗಲೂ ಟರ್ಗಟ್ಟೇ ಮುಂದೆ. ಹೆಜ್ಜೆ ಹೆಜ್ಜೆಗೂ ಅಂತರ ಸವೆಯಿತು, ಗೆರೆ ಹತ್ತಿರ ಹೈಲೆ ಎದೆ ಮುಂದಿಟ್ಟ. 0.09 ಸೆಕೆಂಡ್! ಅದೇ ಒಲಿಂಪಿಕ್ಸಿನ ಗಂಡಸರ 100 ಮೀಟರ್ ಓಟದಲ್ಲಿ ಮೊದಲನೆಯವನಿಗೂ ಎರಡನೆಯವನಿಗೂ 0.12 ಸೆಕೆಂಡ್ ಅಂತರ ಇತ್ತು. 25 ಸುತ್ತು ಓಡಿದವರ ನಡುವೆ ಅದಕ್ಕಿಂತ ಕಡಿಮೆ. ನಾನು ಇವತ್ತಿಗೂ ಅಂಥ ಓಟ ಇನ್ನೊಂದು ನೋಡಿಲ್ಲ.

ಮ್ಯಾರಥಾನ್‌ಗೆ ಅವನು ಗಂಭೀರವಾಗಿ ಬಂದಿದ್ದು 2002ರ ಏಪ್ರಿಲ್ 14ರಂದು, ಲಂಡನ್‌ನಲ್ಲಿ. ಇನ್ನು ನಾಲ್ಕು ದಿನಕ್ಕೆ 29 ತುಂಬುತ್ತಿತ್ತು. ಅಷ್ಟೆಲ್ಲ ಗೆದ್ದವನು ಅಲ್ಲಿ ಮೂರನೆಯವನಾಗಿ ಬಂದ, ಅಮೆರಿಕದ ಖನೂಚಿ ಮತ್ತು ಅದೇ ಟರ್ಗಟ್ ಮುಂದೆ. ಮತ್ತೆ ಟ್ರ್ಯಾಕಿಗೆ ವಾಪಸ್. 2003ರ ಪ್ಯಾರಿಸ್ ವಿಶ್ವ ಕೂಟದಲ್ಲಿ ತನ್ನ ದೇಶದವನೇ ಆದ ಬೆಕೆಲೆ ಎದುರು ಬೆಳ್ಳಿ, 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಐದನೇ ಸ್ಥಾನ. ಅದಾದ ಮೇಲೆ ಪೂರ್ತಿ ರಸ್ತೆ. ಬರ್ಲಿನ್‌ನಲ್ಲಿ 2007ರಲ್ಲಿ 2:04:26, 2008ರಲ್ಲಿ 2:03:59, ಎರಡೂ ವಿಶ್ವದಾಖಲೆ. ಎರಡನೆಯದು ಮಾಡಿದಾಗ 35 ವರ್ಷ. ಸೋಲ್‌ನಿಂದ ಲೆಕ್ಕ ಹಾಕಿದರೆ 16 ವರ್ಷ ಆಯ್ತಮ್ಮ.

ಈಗ ನಿನ್ನ ತಮ್ಮನ ನೋಟ್‌ಬುಕ್ಕಿಗೆ ಇನ್ನೊಂದು ಲೆಕ್ಕ ಕೊಡ್ತೀನಿ, ಅವನೇ ಪೆನ್ನು ಹಿಡಿದು ಮಾಡಲಿ. ಹೈಲೆ 1998ರಲ್ಲಿ 10,000 ಮೀಟರ್ ಓಡಿದ್ದು 26 ನಿಮಿಷ 22 ಸೆಕೆಂಡಿನಲ್ಲಿ. ಅಂದರೆ ಕಿಲೋಮೀಟರಿಗೆ 2:38, ಎರಡು ನಿಮಿಷ 38 ಸೆಕೆಂಡ್. ಬರ್ಲಿನ್ ದಾಖಲೆಯಲ್ಲಿ ಕಿಲೋಮೀಟರಿಗೆ 2:56. ಆ ವೇಗ ಕಾಲಲ್ಲಿ ಇದ್ದಿದ್ದಕ್ಕೇ 2:56 ಅವನಿಗೆ ತಡೆದುಕೊಳ್ಳುವಂಥದ್ದಾಯ್ತು. ನಿನ್ನ ತಮ್ಮನದು ಈಗ ಕಿಲೋಮೀಟರಿಗೆ 3:22. ಹೈಲೆಯ ಪ್ರಮಾಣದಲ್ಲೇ ಇಳಿಸಿದರೂ ಮ್ಯಾರಥಾನ್‌ನಲ್ಲಿ 3:45 ಆಗುತ್ತೆ, ಒಟ್ಟು 2 ಗಂಟೆ 38 ನಿಮಿಷ. ಅದೂ ಎಲ್ಲ ಸರಿಹೋದರೆ. ಆ ಟೈಮಿಗೆ ದೊಡ್ಡ ಬಹುಮಾನ ಎಲ್ಲೂ ಇಲ್ಲ. ಅದೇ 10,000 ಮೀಟರನ್ನು 30 ನಿಮಿಷಕ್ಕೆ ತಂದರೆ ಮ್ಯಾರಥಾನ್ 2 ಗಂಟೆ 21 ನಿಮಿಷದ ಹತ್ತಿರ ಬರುತ್ತೆ. ಆಗ ಮಾತಾಡೋಣ.

ಬೆಟ್ಟದ ದಾರಿ

ಮೇಷ್ಟ್ರು ಹೇಳಿದ ಮೇಲೆ ಓಟದ ಬಗ್ಗೆ ನಾನು ಸೇರಿಸುವಂಥದ್ದು ಇಲ್ಲ. ಎತ್ತರದ ಪ್ರಶ್ನೆಗೆ ಮಾತ್ರ ಉತ್ತರಿಸ್ತೀನಿ.

ಅಸೆಲ್ಲ ಇರೋದು ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಮೇಲೆ. ಮಡಿಕೇರಿ ಸುಮಾರು 1,150. ನಮ್ಮ ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ ತುದಿಗೆ ಹೋಗಿ ನಿಂತರೂ 1,748. ಹೈಲೆ ಹುಟ್ಟಿದ ಊರಿಗೆ ಇನ್ನೂ 600 ಮೀಟರಿಗಿಂತ ಜಾಸ್ತಿ ಬಾಕಿ. ಎತ್ತರದಲ್ಲಿ ಗಾಳಿ ತೆಳು, ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಅದಕ್ಕೆ ಮೈ ಕೆಂಪು ರಕ್ತಕಣ ಜಾಸ್ತಿ ಮಾಡಿಕೊಳ್ಳುತ್ತೆ, ಅದಕ್ಕೂ ಮೂರು ನಾಲ್ಕು ವಾರ ಅಲ್ಲೇ ಇರಬೇಕು. ಓಟಗಾರರು ಈ ಲಾಭಕ್ಕೆ ಸಾಮಾನ್ಯವಾಗಿ 2,000 ಮೀಟರ್ ಆಸುಪಾಸಿನ ಜಾಗ ಹುಡುಕಿಕೊಂಡು ಹೋಗ್ತಾರೆ. ನಮ್ಮ ದೇಶದ ದೂರದ ಓಟಗಾರರು ಊಟಿಯಲ್ಲಿ ಕ್ಯಾಂಪ್ ಮಾಡೋದು ಇದಕ್ಕೇ, ಅದು ಸುಮಾರು 2,240. ಹಾಗಾಗಿ ರಕ್ತದ ವಿಷಯದಲ್ಲಿ ಮಡಿಕೇರಿಯಿಂದ ಸಿಗೋದು ಅಷ್ಟಕ್ಕಷ್ಟೇ.

ಆದರೆ ಏರು ಇದೆಯಲ್ಲ, ಅದು ಚಿನ್ನ. ಗಾಳಿಬೀಡು ರಸ್ತೆಯಲ್ಲಿ ವಾರಕ್ಕೊಮ್ಮೆ ಏರು ಓಡಿದರೆ ತೊಡೆಗೆ, ಪೃಷ್ಠಕ್ಕೆ ಬರುವ ಬಲ ಬಯಲುಸೀಮೆಯವರಿಗೆ ದುಡ್ಡು ಕೊಟ್ಟರೂ ಸಿಗಲ್ಲ. ಇಳಿಯುವಾಗ ಮಾತ್ರ ನಡೆದುಕೊಂಡು ಬರಲಿ, ಮೊಣಕಾಲು ಹೋಗೋದೇ ಇಳಿಜಾರಲ್ಲಿ. ಆಮೇಲೆ ಹವೆ. ಬೆಳಗ್ಗೆ ಆರಕ್ಕೆ ಮಂಜಿನಲ್ಲಿ ಓಡುವ ಸುಖ ಬೇರೆ ಎಲ್ಲಿದೆ ಹೇಳಿ. ಮಳೆಗಾಲದಲ್ಲಿ ತೋಟದ ದಾರಿ ಬೇಡ, ಜಿಗಣೆ ಇರಲಿ, ಪಾಚಿ ಮೇಲೆ ಜಾರಿ ಬಿದ್ದರೆ ಇಡೀ ಸೀಸನ್ ಹೋಯ್ತು. ಸಿದ್ದಾಪುರ, ಪಾಲಿಬೆಟ್ಟ ಕಡೆ ಹೋದರೆ ಬೆಳಕು ಹರಿಯದೆ ಹೊರಡಲೇಬೇಡಿ. ಆನೆ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಂ, ತಮ್ಮನಿಗೆ ಇದನ್ನೂ ಹೇಳಿ. ಹೈಲೆ ಓಟದ ದುಡ್ಡಲ್ಲಿ ಹೋಟೆಲ್ ಕಟ್ಟಿದ, ಈಗ ಇಥಿಯೋಪಿಯಾದಲ್ಲಿ ಅವನದೇ ಕಾಫಿ ತೋಟ ಇದೆ. ಖುಷಿ ಪಡ್ತಾನೆ.

ಸುಂಟಿಕೊಪ್ಪದವಳು

ಅಕ್ಕ, ನಾನು ನಿಮ್ಮ ತಮ್ಮನ ಜಾಗದಲ್ಲಿದ್ದವಳು. ಅದಕ್ಕೇ ಬರೀತಿದ್ದೀನಿ.

18 ತುಂಬಿದ ವರ್ಷವೇ ಫುಲ್ ಮ್ಯಾರಥಾನ್ ಓಡಿದೆ. ಆಗ ನನಗೆ ಹೇಳಿಕೊಡುತ್ತಿದ್ದ ಕೋಚ್ ಒಬ್ಬರು ವಾರಕ್ಕೆ 60 ಕಿಲೋಮೀಟರ್ ಇದ್ದದ್ದನ್ನು ಒಂದೇ ತಿಂಗಳಲ್ಲಿ 110ಕ್ಕೆ ಏರಿಸಿದರು. ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಜಾಗ ನೋಯೋಕೆ ಶುರುವಾಯ್ತು. ಬೆರಳಿಟ್ಟರೆ ಜೀವ ಹೋಗುತ್ತಿತ್ತು. ಹೇಳಿದೆ. ಓಡ್ತಾ ಓಡ್ತಾ ಹೋಗುತ್ತೆ ಅಂದರು. ನಾನೂ ನಂಬಿದೆ, ಯಾಕೆಂದರೆ ನನಗೂ ಓಡಬೇಕಿತ್ತು. ರೇಸಿನಲ್ಲಿ 34ನೇ ಕಿಲೋಮೀಟರಿಗೆ ಕಾಲು ನೆಲಕ್ಕೆ ಊರೋಕೆ ಆಗಲಿಲ್ಲ. ಸ್ಕ್ಯಾನ್ ಮಾಡಿದರೆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಮೂರು ತಿಂಗಳು ಓಟ ಇಲ್ಲ, ಆಮೇಲೆ ಎರಡು ವರ್ಷ ಹಳೇ ಟೈಮ್ ಹತ್ತಿರಕ್ಕೂ ಹೋಗಲಿಲ್ಲ. ಈಗ 24, ಮತ್ತೆ 5,000 ಓಡುತ್ತಿದ್ದೀನಿ, ಈ ಸಲ ನಿಧಾನಕ್ಕೆ.

ಹೈಲೆ ಅಂದರೆ ಎಲ್ಲರೂ ದಾಖಲೆ ಹೇಳ್ತಾರೆ. ಅವನು ಬೇಡ ಅಂದ ಓಟ ನನಗೆ ಜಾಸ್ತಿ ಇಷ್ಟ. 2008ರ ಬೀಜಿಂಗ್ ಒಲಿಂಪಿಕ್ಸ್, ಮ್ಯಾರಥಾನ್ ವಿಶ್ವದಾಖಲೆ ಅವನ ಹೆಸರಲ್ಲೇ ಇತ್ತು. ಅಲ್ಲಿನ ಹೊಗೆ ನನ್ನ ಆಸ್ತಮಾಗೆ ಆಗಲ್ಲ ಅಂತ ಮ್ಯಾರಥಾನ್ ಬಿಟ್ಟ, 10,000 ಮಾತ್ರ ಓಡಿ ಆರನೆಯವನಾದ. ಆಗ ಎಷ್ಟು ಜನ ಏನೇನು ಅಂದಿರಬೇಕು! ಒಂದು ತಿಂಗಳು ಕಳೆದು ಬರ್ಲಿನ್‌ಗೆ ಹೋಗಿ 2:03:59 ಓಡಿದ. ನನ್ನ ಕಾಲಿಗೆ ಬ್ಯಾಂಡೇಜ್ ಸುತ್ತಿದ್ದಾಗ ಇದನ್ನು ಓದಿದೆ. ಮೊದಲೇ ಓದಿದ್ದರೆ ಅಂತ ಅನ್ನಿಸುತ್ತೆ.

ತಮ್ಮನ ಕಾಲಲ್ಲಿ ಒಂದೇ ಜಾಗದಲ್ಲಿ ನೋವು ಇದೆಯಾ ಅಂತ ಕೇಳಿ. ಇದ್ದರೂ ಇಲ್ಲ ಅಂತಾನೆ. ನೀವೇ ಒತ್ತಿ ನೋಡಿ.

ಮಾದಾಪುರದ ಅಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ಎಲ್ಲವನ್ನೂ ಅವನ ಮುಂದೆ ಓದಿದೆ. ಸಿಡ್ನಿ ಓಟ ಬಂದಾಗ ಅಪ್ಪನೂ ಒಳಗಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ಕಾಲು ಒತ್ತಿ ನೋಡಿದೆ ತಂಗಿ, ನೋವಿಲ್ಲ. 3:45ರ ಲೆಕ್ಕವನ್ನು ಎರಡು ಸಲ ಮಾಡಿದ, ಆಮೇಲೆ ಸುಮ್ನೆ ಕೂತ. ಕೊನೆಗೆ ಒಂದೇ ಪ್ರಶ್ನೆ ಕೇಳಿದ. "ಸರಿ ಅಕ್ಕ, ಆದರೆ 30 ನಿಮಿಷಕ್ಕೆ ಬರೋಕೆ ಮೂರು ವರ್ಷ ಆಗಬಹುದು, ಅಲ್ಲಿವರೆಗೆ ಸಾಲ ಏನು ಮಾಡೋದು?" ಮೇಷ್ಟ್ರೇ, ಇದಕ್ಕೆ ಏನು ಹೇಳಲಿ?

ರಿಟೈರ್ಡ್ ಪಿಟಿ ಮೇಷ್ಟ್ರು, ವಿರಾಜಪೇಟೆ

ಸಾಲ ತೀರಿಸೋ ಭಾರವನ್ನು ಅವನೊಬ್ಬನೇ ಹೊರಬೇಕಾಗಿಲ್ಲ ಅಂತ ಅಪ್ಪನ ಬಾಯಲ್ಲೇ ಹೇಳಿಸು. ಅದು ಮೊದಲು.

ಎರಡನೆಯದು, ದುಡ್ಡಿನ ಹಿಂದೆ ಓಡಿದರೆ ಏನಾಗುತ್ತೆ ಅನ್ನೋದಕ್ಕೂ ಹೈಲೆಯೇ ಇದ್ದಾನೆ. 2008ರ ಜನವರಿ, ದುಬೈ. ವಿಶ್ವದಾಖಲೆ ಮುರಿದರೆ ಹತ್ತು ಲಕ್ಷ ಡಾಲರ್ ಅಂತ ಇಟ್ಟಿದ್ದರು. ಮೊದಲರ್ಧ ತೀರಾ ಜೋರಾಗಿ ಹೋಯ್ತು, ಕೊನೆಗೆ ಕಾಲು ಭಾರವಾಗಿ 2:04:53. ರೇಸ್ ಗೆದ್ದ, ದಾಖಲೆ ತಪ್ಪಿತು. ಅಂಥವನಿಗೇ ಹಾಗಾಯ್ತು.

ಮೂರನೆಯದು ಕೆಲಸ. 10,000 ಮೀಟರ್ ಓಟಗಾರನಿಗೆ ಸ್ಪೋರ್ಟ್ಸ್ ಕೋಟಾ ಇದೆ, ಆರ್ಮಿ ಇದೆ, ರೈಲ್ವೆ ಇದೆ. ಕೊಡಗಿನಲ್ಲಿ ಆರ್ಮಿ ಬಗ್ಗೆ ನಾನು ವಿವರಿಸಬೇಕಾ? ಯೂನಿವರ್ಸಿಟಿ ಮಟ್ಟದಲ್ಲಿ ನಾಲ್ಕನೆಯವನು ಮೂರರೊಳಗೆ ಬಂದು, ಅಖಿಲ ಭಾರತ ಕೂಟದಲ್ಲೂ ಹೆಸರು ಮಾಡಿದರೆ, ಒಂದು ಮ್ಯಾರಥಾನ್ ಬಹುಮಾನಕ್ಕಿಂತ ತಿಂಗಳ ಸಂಬಳ ದೊಡ್ಡದು. ಓಟಕ್ಕೆ ರಜೆ ಕೊಡ್ತಾರೆ, ಊಟ ಕೊಡ್ತಾರೆ, ಕಾಲು ನೋಡೋಕೆ ಡಾಕ್ಟರ್ ಇರ್ತಾರೆ.

ಈ ಭಾನುವಾರ ಬೆಳಗ್ಗೆ ಏಳಕ್ಕೆ ಅವನನ್ನು ಮೈದಾನಕ್ಕೆ ಕಳಿಸು. ಟೇಪ್ ಹಿಡಿದು 400 ಮೀಟರ್ ಅಳೆದು ಸುಣ್ಣ ಹಾಕಿರ್ತೀನಿ. 5,000 ಓಡಲಿ, ಪ್ರತಿ ಸುತ್ತಿನ ಟೈಮ್ ಬರೆದುಕೊಳ್ತೀನಿ. ಎಲ್ಲಿ ನಿಧಾನ ಆಗ್ತಾನೆ ಅನ್ನೋದು ಗೊತ್ತಾದರೆ ಮುಂದಿನದು ಯೋಚಿಸಬಹುದು.

ಸುಂಟಿಕೊಪ್ಪದವಳು

ಮೇಷ್ಟ್ರೇ, ನಾನೂ ಬರಬಹುದಾ? ನನ್ನ ಹತ್ತಿರ ಸ್ಟಾಪ್‌ವಾಚ್ ಇದೆ, ಮೊದಲ 3 ಕಿಲೋಮೀಟರ್ ಅವನ ಜೊತೆ ಓಡ್ತೀನಿ.

ರಿಟೈರ್ಡ್ ಪಿಟಿ ಮೇಷ್ಟ್ರು, ವಿರಾಜಪೇಟೆ

ಬಾ ಮಗಳೇ. ಮಳೆ ಬಂದರೂ ಇದೆ.

ಮಾದಾಪುರದ ಅಕ್ಕ

ನಾವು ಮೊದಲ ಬಸ್ಸಿಗೇ ಹೊರಡ್ತೀವಿ. ಅಪ್ಪನೂ ಬರ್ತಾರಂತೆ.