ಕನ್ನಡ ಕಲಿಯುವವರಿಗೆ ಮಳೆ ನಕ್ಷತ್ರಗಳನ್ನು ಪರಿಚಯಿಸುವುದು ಹೇಗೆ?

ಪ್ರಶ್ನೆ – ಬೆಂಗಳೂರಿನ ಕನ್ನಡ ಶಿಕ್ಷಕಿ

ಕೆಲಸಕ್ಕೆಂದು ಬೆಂಗಳೂರಿಗೆ ಬಂದು ನೆಲೆಸಿರುವ ಹೊರರಾಜ್ಯದವರಿಗೆ ವಾರಾಂತ್ಯಗಳಲ್ಲಿ ಕನ್ನಡ ಹೇಳಿಕೊಡುತ್ತಿದ್ದೇನೆ. ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು, ಆಟೋ ಚಾಲಕರಿಗೆ ದಾರಿ ಹೇಳುವಷ್ಟು ಭಾಷೆ ಅವರಿಗೆ ಬಂದಿದೆ. ಇನ್ನು ಮುಂದೆ ಅವರ ಕೈಗೆ ಇಲ್ಲಿನ ಬದುಕನ್ನು ಕುರಿತ, ಓದಲು ಹಗುರವಾದ, ಪುಟ ಮೀರದ ಬರಹಗಳನ್ನು ಕೊಡಬೇಕೆಂದಿದ್ದೇನೆ. ಹಬ್ಬ, ಕಾಫಿ, ದರ್ಶಿನಿ, ಕಡಲೆಕಾಯಿ ಪರಿಷೆ ಇವೆಲ್ಲ ಆಗಲೇ ಆಗಿವೆ.

ಕಳೆದ ಆಗಸ್ಟ್ ತಿಂಗಳಿನಲ್ಲಿ ಕಲಿಯುವವರೊಬ್ಬರು, ತಮ್ಮ ಬೀದಿಗೆ ಸೊಪ್ಪು ತರುವ ಅಜ್ಜಿ "ಮಘೆ ಮಳೆ ಹುಟ್ಟಿದೆ, ಇನ್ನು ಭಯವಿಲ್ಲ" ಎಂದದ್ದನ್ನು ಕೇಳಿಸಿಕೊಂಡು ಬಂದು, ಮಳೆಗೂ ಹೆಸರಿಡುತ್ತೀರಾ ಎಂದು ಬಹಳ ಕುತೂಹಲದಿಂದ ವಿಚಾರಿಸಿದರು. ಆ ದಿನದ ಪಾಠವನ್ನು ಬದಿಗಿಟ್ಟು ಇಡೀ ತರಗತಿ ಅದನ್ನೇ ಮಾತಾಡಿತು. ಅಂದಿನಿಂದ ಇದರ ಬಗ್ಗೆ ಬರೆಯಬೇಕೆಂಬ ಆಸೆ ಬಲವಾಗಿದೆ. ಅಶ್ವಿನಿಯಿಂದ ವಿಶಾಖದವರೆಗಿನ ಹದಿನಾರು ಮಳೆಗಳನ್ನೂ ಹೇಳಬೇಕೆ, ಕೆಲವನ್ನಷ್ಟೇ ಆರಿಸಿಕೊಳ್ಳಬೇಕೆ? ಹಬ್ಬಗಳ ತಾರೀಖು ವರ್ಷ ವರ್ಷವೂ ಹಿಂದುಮುಂದಾಗುವಾಗ ಮಳೆಗಳ ತಾರೀಖು ಮಾತ್ರ ಕದಲದಿರುವುದನ್ನು ಸರಳವಾಗಿ ವಿವರಿಸುವುದು ಹೇಗೆ? ನಿಮ್ಮ ನಿಮ್ಮ ಸೀಮೆಗಳಲ್ಲಿ ಈ ಮಾತುಗಳು ಹೇಗೆ ಬಳಕೆಯಲ್ಲಿವೆ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1 – ಮಂಡ್ಯದ ಕಡೆಯವರು

ತಾರೀಖಿನ ವಿಷಯದಿಂದಲೇ ತೊಡಗುತ್ತೇನೆ, ಏಕೆಂದರೆ ಅದು ಅರ್ಥವಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಯುಗಾದಿ, ಗೌರಿ, ದೀಪಾವಳಿಗಳು ಚಂದ್ರನ ತಿಥಿಯನ್ನು ಹಿಡಿದು ಬರುವ ಹಬ್ಬಗಳು. ಮಳೆ ನಕ್ಷತ್ರಗಳು ಸೂರ್ಯನನ್ನು ಹಿಡಿದು ಬರುವಂಥವು. ಸೂರ್ಯನು ವರ್ಷವಿಡೀ ಸಾಗುವ ದಾರಿಯನ್ನು 27 ಪಾಲು ಮಾಡಿದರೆ ಒಂದೊಂದು ಪಾಲು 13 ಡಿಗ್ರಿ 20 ಕಲೆಯಷ್ಟಾಗುತ್ತದೆ, ಅದನ್ನು ದಾಟಲು ಅವನಿಗೆ ಹದಿಮೂರು-ಹದಿನಾಲ್ಕು ದಿನ ಹಿಡಿಯುತ್ತದೆ. ಸೂರ್ಯ ಆರಿದ್ರೆಯನ್ನು ಪ್ರವೇಶಿಸಿದ ದಿನ ಆರಿದ್ರೆ ಮಳೆ "ಹುಟ್ಟಿತು" ಎನ್ನುತ್ತೇವೆ, ಅಂದು ಒಂದು ಹನಿ ಬೀಳದಿದ್ದರೂ ಸರಿಯೇ. ಹೀಗಾಗಿ ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ಕ್ಕೆ, ಆರಿದ್ರೆ ಜೂನ್ 22ಕ್ಕೆ, ಮಘೆ ಆಗಸ್ಟ್ 17ಕ್ಕೆ ಪ್ರತಿವರ್ಷವೂ ಬರುತ್ತವೆ. ಹೆಚ್ಚೆಂದರೆ ಒಂದು ದಿನದ ವ್ಯತ್ಯಾಸ ಕಾಣಬಹುದು. ಸಂಕ್ರಾಂತಿ ಜನವರಿ 14 ಅಥವಾ 15ನ್ನು ಬಿಟ್ಟು ಅಲುಗದಿರುವುದಕ್ಕೂ ಇದೇ ಕಾರಣವೆಂದು ಹೇಳಿದರೆ, ಆ ರಜೆಯನ್ನು ಬಲ್ಲ ನಿಮ್ಮ ವಿದ್ಯಾರ್ಥಿಗಳಿಗೆ ತಟ್ಟನೆ ಹೊಳೆಯುತ್ತದೆ.

ಹದಿನಾರನ್ನೂ ಒಟ್ಟಿಗೆ ಹೇಳುವುದು ನನಗೆ ಸರಿಕಾಣುವುದಿಲ್ಲ. ತರಗತಿ ನಡೆಯುವ ವಾರದಲ್ಲಿ ಯಾವ ಮಳೆ ಇದೆಯೋ ಅದೊಂದನ್ನೇ ಹೇಳಿ, ಕಿಟಕಿಯಾಚೆ ನೋಡಲು ಬಿಡಿ. ಗಾದೆಗಳು ಜೊತೆಗಿರಲಿ: "ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ", "ಆದರೆ ಆರಿದ್ರ, ಆಗದಿದ್ದರೆ ದರಿದ್ರ", "ಬಂದರೆ ಮಘೆ, ಹೋದರೆ ಹೊಗೆ". ಪ್ರಾಸವಿರುವುದರಿಂದ ಹೊಸಬರ ನಾಲಗೆಗೂ ಬೇಗ ಹತ್ತುತ್ತವೆ. ಆ ಅಜ್ಜಿ ಮಘೆ ಹುಟ್ಟಿತೆಂದು ಹಿಗ್ಗಿದ್ದರಲ್ಲಿ ಅರ್ಥವಿದೆ. ನಮ್ಮ ಕಡೆ ಮಳೆಯನ್ನೇ ನಂಬಿ ಬಿತ್ತಿದ ರಾಗಿ ಆ ಹೊತ್ತಿಗೆ ಎಳೆಯ ಪೈರಾಗಿರುತ್ತದೆ, ಆಗ ನೆಲ ಒಣಗಿದರೆ ಮುಂದೆ ಎಷ್ಟು ಸುರಿದರೂ ತೆನೆ ತುಂಬುವುದಿಲ್ಲ. "ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು" ಎಂದು ಹಿರಿಯರು ಹೇಳುವಾಗ ಆ ಪೈರಿನ ಚಿಂತೆಯೇ ಅವರ ಮನಸ್ಸಿನಲ್ಲಿರುತ್ತದೆ.

ಉತ್ತರ 2 – ವಿಜಯಪುರ ಜಿಲ್ಲೆಯವರು

ಮೇಲಿನವರ ವಿವರಣೆ ಬಹಳ ಚೆನ್ನಾಗಿದೆ. ಆದರೆ ಶಿಕ್ಷಕಿಯವರು ಬರೆಯುವಾಗ ಒಂದು ಸಂಗತಿಯನ್ನು ಮರೆಯಬಾರದೆಂದು ನನ್ನ ಕಳಕಳಿಯ ವಿನಂತಿ: ನಕ್ಷತ್ರ ನಾಡಿಗೆಲ್ಲ ಒಂದೇ ಆದರೂ ಅದನ್ನು ಎದುರು ನೋಡುವ ಜನ ಬೇರೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ನಮ್ಮಲ್ಲಿ 600ರ ಆಸುಪಾಸು ಆದರೆ ಅದೇ ಸಮೃದ್ಧಿ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ" ಎಂಬ ಗಾದೆಯನ್ನು ಎಲ್ಲ ಪುಸ್ತಕಗಳಲ್ಲಿಯೂ ಅಚ್ಚು ಹಾಕುತ್ತಾರೆ, ಆದರೆ ಅದು ಮುಂಗಾರಿ ಜೋಳ ಬಿತ್ತುವ ಸೀಮೆಯ ಮಾತು. ನಮ್ಮ ಎರೆಭೂಮಿಯ ಬಿಳಿಜೋಳ ಹಿಂಗಾರಿಯದು. ಅದಕ್ಕೆ ಹುಬ್ಬೆ, ಉತ್ತರೆ, ಹಸ್ತ ಮಳೆಗಳು ಬೇಕು. ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದ ತನಕ ನಮ್ಮ ಊರಿನ ಕಣ್ಣೆಲ್ಲ ಆಕಾಶದಲ್ಲಿಯೇ ಇರುತ್ತದೆ.

ಕಲಿಯುವವರಿಗೆ ಆ ದಿನಗಳನ್ನು ಹತ್ತಿರದಿಂದ ತೋರಿಸಿ. ಬೇಸಿಗೆಯಲ್ಲಿ ಎರೆಹೊಲ ಅಂಗೈ ಇಳಿಯುವಷ್ಟು ಅಗಲವಾಗಿ ಬಿರುಕು ಬಿಟ್ಟಿರುತ್ತದೆ. ಮಳೆಯಾದ ಮೇಲೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡು, ಕಾಲಿಟ್ಟರೆ ಚಪ್ಪಲಿಯನ್ನು ಹಿಡಿದು ಬಿಡುವುದಿಲ್ಲ. ಮೂರು-ನಾಲ್ಕು ದಿನ ಬಿಸಿಲು ಬಿದ್ದು ಹದ ಬಂದಿತೆಂದರೆ ಕೂರಿಗೆ ಹೊರಡುತ್ತದೆ. ನಮ್ಮ ದೊಡ್ಡಮ್ಮ ಕೂರಿಗೆಯ ಹಿಂದೆ ನಡೆಯುತ್ತ, ಮಡಿಲಲ್ಲಿ ಕಟ್ಟಿಕೊಂಡ ಜೋಳವನ್ನು ಬಟ್ಟಲಿಗೆ ಬೆರಳುಗಳ ಸಂದಿಯಿಂದ ಬಿಡುತ್ತಿದ್ದ ರೀತಿ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ: ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ಎತ್ತು ನಿಂತರೆ ಅವರ ಕೈಯೂ ನಿಲ್ಲುತ್ತಿತ್ತು. ಆಮೇಲೆ ಮಳೆ ಹೆಚ್ಚು ಬೇಕಿಲ್ಲ. ಎರೆಮಣ್ಣು ಒಡಲೊಳಗೆ ಹಿಡಿದಿಟ್ಟ ತೇವದಲ್ಲಿ, ಚಳಿಗಾಲದ ಇಬ್ಬನಿಯ ನಡುವೆ ಬೆಳೆ ಬರುತ್ತದೆ.

ಇದರ ಮುಂದಿನ ಭಾಗವೇ ಎಳ್ಳಮಾವಾಸ್ಯೆ. ಡಿಸೆಂಬರ್ ಕೊನೆ ಅಥವಾ ಜನವರಿಯ ಹೊತ್ತಿಗೆ ಜೋಳ ಎದೆಯೆತ್ತರಕ್ಕೆ ನಿಂತಿರುವಾಗ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಸಜ್ಜೆ ಕಡುಬು, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ಬರುತ್ತೇವೆ. ಈ ಹಬ್ಬ ಬೆಂಗಳೂರಿನ ಕ್ಯಾಲೆಂಡರುಗಳಲ್ಲಿ ಎದ್ದು ಕಾಣುವುದಿಲ್ಲ. ನಿಮ್ಮ ಬರಹದಲ್ಲಿಯಾದರೂ ಕಾಣಲಿ ಎಂಬುದು ನನ್ನ ಆಸೆ.

ಉತ್ತರ 3 – ಸುಳ್ಯದವರು

ಕರಾವಳಿಯ ಮಾತನ್ನೂ ಒಂದಿಷ್ಟು ಸೇರಿಸುತ್ತೇನೆ. ನಮ್ಮಲ್ಲಿ ಮಳೆ ಬರಲೆಂದು ಕಾಯುವುದಕ್ಕಿಂತ ಮಳೆ ಹೊಳವಾಗಲೆಂದು ಕಾಯುವ ದಿನಗಳೇ ಹೆಚ್ಚು. ಪುನರ್ವಸು, ಪುಷ್ಯ, ಆಶ್ಲೇಷ ಈ ಮೂರೂ ಮಳೆಗಳಲ್ಲಿ ತೋಟಕ್ಕೆ ಇಳಿಯುವುದೇ ಕಷ್ಟ, ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಲು ಎರಡು ಗಂಟೆಯ ಬಿಸಿಲು ಸಿಕ್ಕರೆ ಸಾಕೆನ್ನಿಸುತ್ತದೆ. ತುಳುವರಿಗೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ ತಿಂಗಳು. ಹಿಂದೆ ಕೆಲಸವೂ ಕಡಿಮೆ, ಕಣಜವೂ ಬರಿದು ಆಗಿದ್ದ ಕಾಲವದು. ಆದ್ದರಿಂದಲೇ ಕೆಸುವಿನ ಎಲೆಯ ಪತ್ರೊಡೆ, ತಜಂಕ್ ಸೊಪ್ಪು, ಹಲಸಿನ ಬೀಜ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಇವು ಆಟಿಯ ಅಡುಗೆಗಳಾದವು. ತಾಳೆಗರಿಯ ಛತ್ರಿ ತಿರುಗಿಸುತ್ತ ಆಟಿ ಕಳೆಂಜನೆಂಬ ವೇಷಧಾರಿ ಮನೆಮನೆಗೆ ಬಂದು ಊರಿನ ಮಾರಿ ಕಳೆಯುವುದೂ ಇದೇ ತಿಂಗಳಲ್ಲಿ.

ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಹಾಲೆ ಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಮಾಡಿ, ಬರಿಹೊಟ್ಟೆಯಲ್ಲಿ ಕುಡಿಯುತ್ತೇವೆ. ಅತಿ ಕಹಿ. ಮೇಲಿಂದ ಮೆಂತ್ಯದ ಗಂಜಿ ಉಂಡರೆ ಹೊಟ್ಟೆ ತಣ್ಣಗಾಗುತ್ತದೆ. ಇದನ್ನು ಬರೆಯುವುದಾದರೆ, ಮರದ ಗುರುತು ಬಲ್ಲ ಹಿರಿಯರು ತಂದದ್ದನ್ನೇ ಕುಡಿಯಬೇಕೆಂಬ ಎಚ್ಚರಿಕೆಯನ್ನು ಅಗತ್ಯವಾಗಿ ಬರೆಯಿರಿ, ಏಕೆಂದರೆ ಕತ್ತಲಲ್ಲಿ ಬೇರೆ ಮರದ ತೊಗಟೆ ತಂದು ಪ್ರಾಣಾಪಾಯವಾದದ್ದುಂಟು.

ತಾರೀಖಿನ ಮಾತು ಬಂದದ್ದರಿಂದ ನೆರೆಯ ಕೊಡಗಿನದೊಂದು ಉದಾಹರಣೆ. ಅಲ್ಲಿ ಕಕ್ಕಡ 18, ಅಂದರೆ ಕಕ್ಕಡ ತಿಂಗಳಿನ ಹದಿನೆಂಟನೆಯ ದಿನ, ಆಗಸ್ಟ್ 3ಕ್ಕೆ ಬರುತ್ತದೆ. ಅಂದು ಮದ್ದು ಸೊಪ್ಪಿನ ರಸ ತೆಗೆದು ಕಡು ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಆಶ್ಲೇಷ ಮಳೆ ಹುಟ್ಟುವುದೂ ಅದೇ ದಿನದ ಆಸುಪಾಸಿನಲ್ಲಿ. ಎರಡೂ ಸೌರಮಾನದ ಲೆಕ್ಕವಾದ್ದರಿಂದ ವರ್ಷ ವರ್ಷವೂ ಹೀಗೆ ಜೊತೆಯಾಗಿಯೇ ಬರುತ್ತವೆ.

ಮರುಮಾತು – ಬೆಂಗಳೂರಿನ ಕನ್ನಡ ಶಿಕ್ಷಕಿ

ಮೂವರಿಗೂ ಮನಸಾರೆ ವಂದನೆಗಳು. ಒಂದೇ ಬರಹದಲ್ಲಿ ಎಲ್ಲವನ್ನೂ ತುರುಕುವ ಯೋಚನೆಯನ್ನು ಬಿಟ್ಟಿದ್ದೇನೆ. ಜೂನ್‌ನಿಂದ ತೊಡಗಿ, ಆಯಾ ಮಳೆ ಹುಟ್ಟಿದ ವಾರ ಒಂದು ಪುಟ ಬರೆಯುತ್ತೇನೆ. ಪ್ರತಿ ಪುಟವೂ ಒಂದೊಂದು ಸೀಮೆಯದಾಗಿರಲಿ. ಮಘೆ ಮಂಡ್ಯದ ರಾಗಿಹೊಲಕ್ಕೆ, ಆಶ್ಲೇಷ ಕರಾವಳಿಗೂ ಕೊಡಗಿಗೂ, ಉತ್ತರೆ ಎರೆಭೂಮಿಗೆ. ಹಸ್ತದ ನಂತರ ಬರುವ ಚಿತ್ತೆ, ಸ್ವಾತಿಗಳನ್ನು ನಿಮ್ಮ ಕಡೆ ಹೇಗೆ ಕಾಣುತ್ತಾರೆಂದು ವಿಜಯಪುರದವರು ತಿಳಿಸಿದರೆ ಆ ಪುಟವನ್ನೂ ಬರೆಯಬಹುದು.

ಉತ್ತರ 4 – ವಿಜಯಪುರ ಜಿಲ್ಲೆಯವರು

"ಸ್ವಾತಿ ಮಳೆ ಮುತ್ತಿನ ಬೆಳೆ" ಎಂಬ ಮಾತು ಎಲ್ಲ ಕಡೆಯೂ ಇರುವಂತೆ ನಮ್ಮಲ್ಲಿಯೂ ಇದೆ. ಅಕ್ಟೋಬರ್ 24ರ ಸುಮಾರಿಗೆ ಹುಟ್ಟುವ ಆ ಮಳೆ ಹದವಾಗಿ ಬಂದರೆ ಕಡಲೆಗೂ ಕುಸುಬೆಗೂ ಒಳ್ಳೆಯದು. ಆದರೆ ಈರುಳ್ಳಿ ಕಿತ್ತು ಹೊಲದಲ್ಲಿಯೇ ಒಣಗಲು ಹಾಕಿದವರು, ಶೇಂಗಾ ಕಿತ್ತು ಬಣವೆ ಒಟ್ಟಿದವರು ಅದೇ ಮಳೆಯನ್ನು ಬೇಡವೆನ್ನುತ್ತಾರೆ. ಒಂದೇ ಬದುವಿನ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಒಬ್ಬರು ಬರಲೆಂದು, ಇನ್ನೊಬ್ಬರು ಬಾರದಿರಲೆಂದು ಕೈ ಮುಗಿಯುವುದನ್ನು ನಾನು ಕಂಡಿದ್ದೇನೆ. ನಿಮ್ಮ ಸ್ವಾತಿಯ ಪುಟದಲ್ಲಿ ಆ ಇಬ್ಬರಿಗೂ ಜಾಗವಿರಲಿ.