ಮೀನಿನ ತ್ಯಾಜ್ಯದ ಟ್ಯಾಂಕಿಗೆ ಹುಡುಗರನ್ನು ಇಳಿಸಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ಮಲ್ಪೆ ಸಮೀಪ ನಮ್ಮದೊಂದು ಸಣ್ಣ ಮೀನು ಸಂಸ್ಕರಣಾ ಘಟಕವಿದೆ. ಮೀನು ತೊಳೆದ ನೀರು, ರಕ್ತ, ಚೂರುಪಾರು ಎಲ್ಲ ಹೋಗಿ ಸೇರುವ ಟ್ಯಾಂಕ್ ಹತ್ತು ಅಡಿ ಆಳವಿದೆ. ತಳದಲ್ಲಿ ಕೆಸರು ಕಟ್ಟಿಕೊಂಡು ಪಂಪ್ ನಿಂತುಹೋಗಿದೆ. ನಮ್ಮಲ್ಲಿರುವ ಒಡಿಶಾದ ಹುಡುಗರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಳಿಯಲು ತಯಾರಿದ್ದಾರೆ. ಮೊದಲು ದೀಪ ಇಳಿಸಿ ನೋಡಿದರೆ ಸಾಕು ಎಂದು ಮೇಸ್ತ್ರಿ ಹೇಳುತ್ತಾರೆ. ನಿನ್ನೆಯಿಂದ ಮುಚ್ಚಳ ತೆರೆದಿಟ್ಟಿದ್ದೇವೆ, ವಾಸನೆಯೂ ಕಡಿಮೆಯಾಗಿದೆ. ಇಳಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಪಂಪ್ ಹಾಳಾದರೆ ಆಗಲಿ, ಯಾರನ್ನೂ ಇಳಿಸಬೇಡಿ.

ವಾಸನೆ ಕಡಿಮೆಯಾಗಿದೆ ಎಂದಿರಲ್ಲ, ನನಗೆ ಹೆದರಿಕೆ ಹುಟ್ಟಿಸಿದ್ದೇ ಆ ಮಾತು. ಮೀನಿನ ಕೊಳಕು ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ಸುಮಾರು 100 ಭಾಗವಾದರೆ ಮೂಗಿಗೆ ಆ ವಾಸನೆಯೇ ತಿಳಿಯದಂತಾಗುತ್ತದೆ. ಇನ್ನೂ ಹೆಚ್ಚಿ ಕೆಲವು ನೂರು ಭಾಗಗಳಾದರೆ ಕೂಗಿ ಕರೆಯಲೂ ಸಮಯ ಸಿಗದೆ ಮನುಷ್ಯ ಕುಸಿಯುತ್ತಾನೆ. ಅದು ಗಾಳಿಗಿಂತ ಭಾರ. ಮುಚ್ಚಳ ತೆರೆದಿಟ್ಟರೂ ತಳದಲ್ಲೇ ಉಳಿದಿರಬಹುದು. ಕೆಸರಿನೊಳಗೆ ಸಿಕ್ಕಿಕೊಂಡಿರುವ ಅನಿಲ ಕಾಲಿಟ್ಟು ಕಲಕಿದೊಡನೆ ಒಮ್ಮೆಲೇ ಮೇಲೇಳುತ್ತದೆ.

ದೀಪ ಇಳಿಸುವುದು ಬಾವಿ ತೋಡುವವರ ಹಳೆಯ ಪದ್ಧತಿ. ಆಮ್ಲಜನಕ ತೀರಾ ಕಡಿಮೆಯಿದ್ದರೆ ದೀಪ ಆರುತ್ತದೆ ನಿಜ. ಈ ವಿಷಾನಿಲ ಪ್ರಾಣ ತೆಗೆಯುವಷ್ಟು ತುಂಬಿದ್ದರೂ ಅದು ಉರಿಯುತ್ತಲೇ ಇರಬಹುದು. ಬೆಂಕಿ ಹೊತ್ತಿಕೊಳ್ಳುವ ಮೀಥೇನ್ ಅನಿಲ ಸೇರಿಕೊಂಡಿದ್ದರೆ ಆ ದೀಪದಿಂದಲೇ ಸ್ಫೋಟವಾಗಬಹುದು.

ಸಕ್ಕಿಂಗ್ ಯಂತ್ರದ ಲಾರಿ ಕರೆಸಿ. ಮೇಲಿನಿಂದಲೇ ಜೋರಾಗಿ ನೀರು ಹಾಯಿಸಿ ಕೆಸರನ್ನು ತೆಳುವಾಗಿಸಿ ಎಳೆಯಲಿ. ಆಮೇಲೆ ಪಂಪಿಗೆ ತುಕ್ಕು ಹಿಡಿಯದ ಸರಪಳಿ ಕಟ್ಟಿಸಿ, ಅದರ ತುದಿ ಬಾಯಿಯ ಬಳಿ ಕೊಕ್ಕೆಗೆ ಸಿಕ್ಕಿಸಿರಲಿ. ಪಂಪ್ ಕೆಟ್ಟರೆ ಮೇಲೆಯೇ ನಿಂತು ಎತ್ತಬಹುದು. ಟ್ಯಾಂಕಿಗೆ ನೀರು ಬೀಳುವ ಮೊದಲೇ ಜಾಲರಿ ಹಾಕಿ, ಚೂರುಗಳನ್ನು ದಿನವೂ ತೆಗೆಸಿ. ಜನರು ಇಳಿಯುವ ಪ್ರಮೇಯವೇ ಬಾರದಂತೆ ಮಾಡುವುದು ಮಾಲೀಕರ ಕೈಯಲ್ಲಿದೆ.

ಪ್ರಶ್ನೆ: ಒಳ್ಳೆಯ ಮಾಸ್ಕ್ ತರಿಸಿಕೊಟ್ಟರೆ? ಅಕಸ್ಮಾತ್ ಯಾರಾದರೂ ಬಿದ್ದರೆ ಏನು ಮಾಡುವುದು?

ಉತ್ತರ: ಬಟ್ಟೆಯಾಗಲಿ, ಧೂಳಿನ ಮಾಸ್ಕ್ ಆಗಲಿ ಅನಿಲವನ್ನು ತಡೆಯುವುದಿಲ್ಲ. ಅನಿಲ ಹೀರುವ ಡಬ್ಬಿಯ ಮಾಸ್ಕ್ ಇದ್ದರೂ ಒಳಗೆ ಆಮ್ಲಜನಕವಿಲ್ಲದಿದ್ದರೆ ಪ್ರಯೋಜನವಿಲ್ಲ. ಇಳಿಯಲೇಬೇಕಾದರೆ ತರಬೇತಿ ಪಡೆದ ತಂಡವೇ ಬರಬೇಕು: ಅನಿಲ ಅಳೆಯುವ ಮೀಟರ್, ಗಾಳಿ ಊದುವ ಬ್ಲೋವರ್, ಬೆನ್ನಿಗೆ ಗಾಳಿಯ ಸಿಲಿಂಡರ್, ಮೇಲೆ ಮೂರು ಕಾಲಿನ ಸ್ಟ್ಯಾಂಡಿಗೆ ಕಟ್ಟಿದ ಹಗ್ಗ, ಅಲ್ಲಿಂದ ಕದಲದೆ ಕಾಯುವವರು. ಆಮ್ಲಜನಕ ಶೇಕಡಾ 19.5ಕ್ಕಿಂತ ಕಡಿಮೆಯಿದ್ದರೆ ಅವರೂ ಹಾಗೆಯೇ ಇಳಿಯುವುದಿಲ್ಲ.

ಬಿದ್ದವರ ವಿಚಾರ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ಗುಂಡಿಯಲ್ಲಿ ಒಬ್ಬರು ಕುಸಿದಾಗ ಜೊತೆಗಾರರು ಎತ್ತಲು ಇಳಿದರು. ಪಶ್ಚಿಮ ಬಂಗಾಳದ ಐವರು ಕೆಲಸಗಾರರು ತೀರಿಕೊಂಡರು. ಊರು ಬಿಟ್ಟು ಒಟ್ಟಿಗೆ ಬಂದವರು, ಒಂದೇ ಕೋಣೆಯಲ್ಲಿ ಮಲಗುವವರು. ಗೆಳೆಯ ಬಿದ್ದರೆ ಹಿಂದೆಮುಂದೆ ನೋಡದೆ ಹಾರುತ್ತಾರೆ. ಆದ್ದರಿಂದ ಈಗಲೇ ಅವರನ್ನು ಕೂರಿಸಿಕೊಂಡು ಹೇಳಿ: ಯಾರೇ ಬಿದ್ದರೂ ಇಳಿಯಬಾರದು, 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು. ಬರೀ ಕನ್ನಡದ ಫಲಕ ಸಾಲದು, ಒಡಿಯಾದಲ್ಲೂ ಬರೆಸಿ. ಮುಚ್ಚಳಕ್ಕೆ ಬೀಗವಿರಲಿ, ಕೀಲಿ ನಿಮ್ಮ ಬಳಿಯೇ ಇರಲಿ.

ಇನ್ನೊಬ್ಬರ ಪ್ರಶ್ನೆ: ನನ್ನದು ಶಿವಮೊಗ್ಗದಲ್ಲಿ ಹೋಟೆಲ್. ಶೌಚಾಲಯದ ಗುಂಡಿಗೂ ಇದೇ ನಿಯಮವೇ? ಗುತ್ತಿಗೆಗೆ ಕೊಟ್ಟರೆ ಹೊಣೆ ಅವರದಲ್ಲವೇ?

ಉತ್ತರ: ಅಪಾಯ ಅದೇ. ಕಾನೂನು ಇನ್ನೂ ಬಿಗಿ. ಸುರಕ್ಷಾ ಸಾಧನವಿಲ್ಲದೆ ಮಲದ ಗುಂಡಿಗೆ ಜನರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ನಿಷೇಧಿಸಿದೆ. ನೇರವಾಗಿ ಇಳಿಸಿದರೂ ಗುತ್ತಿಗೆದಾರರ ಮೂಲಕ ಪರೋಕ್ಷವಾಗಿ ಇಳಿಸಿದರೂ ಅಪರಾಧವೇ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಪ್ರಶ್ನೆ (ಮಲ್ಪೆಯವರು): ಲಾರಿ ನಾಳೆ ಬರುತ್ತದೆ ಮೇಡಂ. ಅಲ್ಲಿಯವರೆಗೆ ಮುಚ್ಚಳ ತೆರೆದಿಡಲೇ?

ಉತ್ತರ: ಬೇಡ, ಮುಚ್ಚಿ ಬೀಗ ಹಾಕಿ. ತೆರೆಯುವವರು ಗಾಳಿ ಬೀಸಿ ಬರುವ ಕಡೆಗೆ ಬೆನ್ನು ಮಾಡಿ ನಿಲ್ಲಲಿ, ಹತ್ತಿರ ಬೀಡಿ, ವೆಲ್ಡಿಂಗ್ ಯಾವುದೂ ಬೇಡ. ಪೈಪ್ ಕಟ್ಟಿಕೊಂಡರೆ ಲಾರಿಯವರು ತಾವೇ ಇಳಿಯಲು ಹೊರಡುವುದುಂಟು. ಇಳಿಯಕೂಡದೆಂದು ಕೆಲಸ ಶುರುವಾಗುವ ಮೊದಲೇ ಅವರಿಗೂ ಹೇಳಿ, ಕೆಲಸ ಮುಗಿಯುವವರೆಗೆ ನೀವು ಅಲ್ಲೇ ಇರಿ.