ಅಪ್‌ಡೇಟ್: ಕೀಮೋ ಬಾಯಿಹುಣ್ಣು ಇಳೀತು, ಅಮ್ಮ ನಗ್ತಿದ್ದಾರೆ

ಕೀಮೋದಿಂದ ಬಾಯೆಲ್ಲ ಹುಣ್ಣಾಗಿ ಅಮ್ಮ ನಗೋದನ್ನೇ ಬಿಟ್ಟಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೆ. ಕೆಲಸಕ್ಕೆ ಬಂದಿದ್ದು ಉಪ್ಪು-ಸೋಡಾ ನೀರು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಉಪ್ಪು, ಅಡುಗೆ ಸೋಡಾ ತಲಾ 1 ಟೀ ಚಮಚ. 2-3 ಗಂಟೆಗೊಮ್ಮೆ ಮುಕ್ಕಳಿಸಿ ಉಗಿಯಬೇಕು, ದಿನಾ ಹೊಸದಾಗಿ ಕಲಸಿಕೊಳ್ಳಬೇಕು. ಆಲ್ಕೋಹಾಲ್ ಇರೋ ಮೌತ್‌ವಾಶ್ ಬೇಡವೇ ಬೇಡ, ಹುಣ್ಣು ಉರಿಯುತ್ತೆ. 5-ಎಫ್‌ಯು ಅನ್ನೋ ಕೀಮೋ ಔಷಧಿಯ ಇಂಜೆಕ್ಷನ್ ಕೊಡುವಾಗ ಹುಣ್ಣಾಗದ ಹಾಗೆ ಐಸ್ ಚೀಪೋದು ಒಳ್ಳೇದೇ, ಆದರೆ ಅಮ್ಮನಿಗೆ ಆಕ್ಸಾಲಿಪ್ಲಾಟಿನ್ ಅನ್ನೋ ಇನ್ನೊಂದು ಕೀಮೋ ಔಷಧಿ ಕೂಡ ಇದೆ. ಅದರ ಜೊತೆ ತಣ್ಣಗಿನದು ತಾಗಿದರೆ ಗಂಟಲು ಬಿಗಿದ ಹಾಗಾಗುತ್ತೆ ಅಂತ ನರ್ಸ್ ತಡೆದರು. ಇದು ನನಗೆ ಗೊತ್ತೇ ಇರಲಿಲ್ಲ.

ಜೋಕು ಹೇಳಿ ನಗಿಸಿ ಅಂತ ಕೆಲವರು ಕೊಟ್ಟ ಸಲಹೆ ನಡೀಲಿಲ್ಲ. ನೋವು ಇಳಿದ ಮೇಲೆ ಅಮ್ಮನೇ ತಮಾಷೆ ಶುರು ಹಚ್ಚಿಕೊಂಡರು. ಬಾತ್‌ರೂಮಿಗೂ ಬೆನ್ನುಬೀಳೋ ಡ್ರಿಪ್ ಸ್ಟ್ಯಾಂಡಿಗೆ ಹೊಸ ಅಳಿಯ ಅಂತ ಹೆಸರಿಟ್ಟು, "ಅಳಿಯಂದ್ರೇ, ಸ್ವಲ್ಪ ಜರುಗಿ" ಅಂತ ತಳ್ಳಿಕೊಂಡು ಹೋಗ್ತಾರೆ. ಸ್ಕ್ಯಾನ್ ರಿಪೋರ್ಟ್ ಬಗ್ಗೆಯೂ ಈಗ ಡಾಕ್ಟರನ್ನು ಅವರೇ ಕೇಳ್ತಾರೆ.